ಕರೆಯುವ ಕೆಲಸ

ಸೊಸೆಯ ಮಿಲ್ಲಿನ ಮ್ಯಾನೇಜರ್ ಶಿವರಾಜಪ್ಪ ತನ್ನ ಮನೆಗೆ ಊಟಕ್ಕೆ ಬರುತ್ತಾರೆಂದು ತಿಳಿದ ಕೂಡಲೇ ಅಂಜನಾಬಾಯಿ ಮೊದಲು ಮಾಡಿದ ಕೆಲಸವೆಂದರೆ ಸೊಸೆಯನ್ನು ಬೈದದ್ದು.

"ತಲಿ ಕೆಟ್ಟದೇನ ಕೇಶರ ನಿಂದು? ಮನಿಯಾಗ ಬ್ಯಾಳಿ ಇಲ್ಲ, ಬೆಲ್ಲ ಇಲ್ಲ, ಕುಡಿಯೋ ನೀರೂ ಅಳದು ಇಟ್ಟೀವಿ. ಏನು ಹಾಕ್ತಿ ಅವರ ತಾಟಿನಾಗ?"

"ನಾ ಕರದಿಲ್ಲ ಅತ್ತಿ. ಅವರೇ ಬರ್ತೇನಿ ಅಂದ್ರು. ನೀವು ಏನು ಉಣ್ತೀರಿ ಅದನ್ನೇ ಉಣ್ತೇನಿ ಅಂದ್ರು."

"ಅಂದ್ರ ಅಂದ್ರು. ನೀ ಬ್ಯಾಡ ಅನಬೇಕಿತ್ತು."

"ಮ್ಯಾನೇಜರಿಗಿ ಹ್ಯಾಂಗ ಬ್ಯಾಡ ಅನಬೇಕು? ನೀವೇ ಬಂದು ಅನ್ರಿ!" ಎಂದಳು ಕೇಶರಬಾಯಿ, ಅತ್ತೆಗಿಂತ ಒಂದು ಪಟ್ಟು ಜೋರಾಗಿ.

ಅತ್ತೆ ಸೊಸೆ ಇಬ್ಬರದೂ ಬಾಯಿ ದೊಡ್ಡದು. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕೂತು ಜಗಳವಾಡಿದವರು. ಇವರ ಜಗಳ ನಿಂತ ದಿನ ಮಳೆ ಬರುತ್ತದೆಂದು ಅವರ ಊರಾದ ಠಾಣಾ ಕುಶನೂರಿನ ಓಣಿಯವರು ನಗುತ್ತಿದ್ದರು. ಜಗಳವೂ ನಿಲ್ಲಲಿಲ್ಲ, ಮಳೆಯೂ ಬರಲಿಲ್ಲ. ಎರಡು ವರ್ಷ ಆಕಾಶ ಕೈಕೊಟ್ಟ ಮೇಲೆ ಊರಿನ ಅರ್ಧ ಜನ ಹೈದರಾಬಾದಿಗೆ, ಪುಣೆಗೆ ಗಂಟು ಕಟ್ಟಿದರು. ಈ ಮನೆಯವರು ಮಾತ್ರ ಬೀದರಿನ ಅಂಚಿನ ನೌಬಾದದಲ್ಲೇ ನಿಂತರು. ನಿಲ್ಲಿಸಿದವಳು ಅಂಜನಾಬಾಯಿ. ಮೊಮ್ಮಗಳು ಶಾಲು ಹತ್ತನೆಯ ತರಗತಿಯಲ್ಲಿದ್ದಳು. "ನಮಗ ಎಲ್ಲಿ ಹೋದ್ರೂ ಕಲ್ಲು ಮಣ್ಣೇ. ಆಕಿ ಸಾಲಿ ಬಿಡಬಾರದು" ಎಂದು ಮುದುಕಿ ಹಟ ಹಿಡಿದು, ಸಾಲಿ ಇದ್ದ ಊರಿಗೇ ಸಂಸಾರವನ್ನು ಎಳೆದು ತಂದಿದ್ದಳು.

ತಗಡಿನ ಎರಡು ಖೋಲಿ ಬಾಡಿಗೆಗೆ ಸಿಕ್ಕಿದ್ದವು. ಮಗ ಪಂಢರಿ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಹಮಾಲನಾಗಿ ಚೀಲ ಹೊರುತ್ತಿದ್ದ. ಹೊಲದಲ್ಲಿ ಬೆಳೆಯೇ ಇಲ್ಲದಾಗ ಗಂಜಿಗೆ ಚೀಲ ಎಲ್ಲಿಂದ ಬರಬೇಕು? ವಾರದಲ್ಲಿ ಮೂರು ದಿನ ಅವನು ಬರಿಗೈಯಲ್ಲೇ ಮರಳುತ್ತಿದ್ದ. ಮನೆ ನಡೆಯುತ್ತಿದ್ದದ್ದು ಕೇಶರಬಾಯಿಯ ಪಗಾರದಲ್ಲಿ. ಅವಳು ಒಂದು ದಾಲ್ ಮಿಲ್ಲಿನಲ್ಲಿ ತೊಗರಿ ಬೇಳೆ ಆರಿಸುತ್ತಿದ್ದಳು. ಆ ವರ್ಷ ಬೇಳೆ ಕಿಲೋಗೆ ಇನ್ನೂರು ರೂಪಾಯಿ ಮುಟ್ಟಿತ್ತು. ದಿನವಿಡೀ ಬೇಳೆಯ ರಾಶಿಯ ಮುಂದೆ ಕೂತು ಬಂದವಳು ಮನೆಯಲ್ಲಿ ರೊಟ್ಟಿಗೆ ಹಸಿ ಖಾರ ಹಚ್ಚಿಕೊಂಡು ಉಣ್ಣುತ್ತಿದ್ದಳು.

ಮಿಲ್ಲಿನ ಮ್ಯಾನೇಜರ್ ಭಾನುವಾರ ಮಧ್ಯಾಹ್ನ ಬಂದರು. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ತೆಳುವಾಗಿ ವಿಭೂತಿ. ಬೂಟು ಹೊರಗೆ ಬಿಟ್ಟು, ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೋಗೆ ಕೈಮುಗಿದು, ಹಾಸಿದ ಚಾಪೆಯ ಮೇಲೆ ಕಾಲು ಮಡಚಿ ಕೂತರು. ಪುಂಡಿ ಪಲ್ಲೆ, ಖಾರ, ಬಿಸಿ ರೊಟ್ಟಿ. ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ತಾಟು ಮುಂದೆ ಹಿಡಿದರು.

"ಹಾಕ್ರಿ ಯವ್ವಾ. ನಮ್ಮ ಮನಿಯಾಗೂ ಇಂಥ ರೊಟ್ಟಿ ಇಲ್ಲ."

ಅಂಜನಾಬಾಯಿಯ ಕಣ್ಣು ತುಂಬಿ ಬಂದವು. ಯಾಕೆಂದು ಹೇಳಲೇಬೇಕು. ಅವಳ ಗಂಡ ಗೋರಖನಾಥ ಊರಿನ ಪಾಟೀಲರ ಮನೆಯಲ್ಲಿ ಇಪ್ಪತ್ತೆರಡು ವರ್ಷ ಆಳುಮಗನಾಗಿದ್ದವನು. "ಗೋರ್ಯಾ ನಮ್ಮ ಮನಿ ಮಗ ಇದ್ಹಂಗ" ಎಂದು ಪಾಟೀಲರು ಹತ್ತು ಜನರ ಮುಂದೆ ಹೇಳುತ್ತಿದ್ದರು. ಆ ಮನೆಮಗನ ಚಹಾದ ಬಟ್ಟಲು ದನದ ಕೊಟ್ಟಿಗೆಯ ಗೂಡಿನಲ್ಲಿ ಬೋರಲು ಬಿದ್ದಿರುತ್ತಿತ್ತು. ಅಂಥ ಮನೆತನದವರೊಬ್ಬರು ತನ್ನ ಒಲೆಯ ಮುಂದೆ ಕೂತು ಮೂರನೆಯ ರೊಟ್ಟಿ ಕೇಳಿ ಉಂಡದ್ದನ್ನು ಅಂಜನಾಬಾಯಿ ಅರವತ್ತೈದು ವರ್ಷದಲ್ಲಿ ಮೊದಲ ಸಲ ನೋಡುತ್ತಿದ್ದಳು. ಆ ಗಳಿಗೆಯಲ್ಲಿ ಅವರು ಜೀವ ಕೇಳಿದ್ದರೂ ಕೊಡುತ್ತಿದ್ದಳು. ಅವರು ಕೇಳಿದ್ದು ಬಹಳ ಸಣ್ಣದು.

"ಯವ್ವಾ, ಮಿಲ್ಲಿನಾಗ ಕೇಶರಬಾಯಿ ಕೇಶರಬಾಯಿ ಅಂದ್ರ ಪರರಿಗಿ ಕರದಂಗ ಆಗ್ತದ ನಂಗ. ತವರಿನಾಗ ಆಕಿಗಿ ಏನಂತಿದ್ರು?"

"ಬಂಗಾರಿ ಅಂತಿದ್ದನ್ರಿ ಅವರಪ್ಪ. ಈಕಿ ಹನ್ನೆರಡು ವರ್ಷದಾಕಿ ಇದ್ದಾಗ ಸತ್ತ ಪಾಪ. ಬಾಗಿಲದಾಗ ನಿಂತು 'ಬಾರ ಬಂಗಾರಿ' ಅಂತ ಎಳದು ಎಳದು ಕರೀತಿದ್ನಂತ."

"ಹ್ಯಾಂಗ? ಒಂದು ಸಲ ಅಂದು ತೋರಸ್ರಿ."

ಅಂಜನಾಬಾಯಿ ಅಂದು ತೋರಿಸಿದಳು. ಸೊಸೆಯ ಬಾಯಿಂದ ಕೇಳಿ ಕಲಿತದ್ದು; ಅನುಕರಣೆಯಲ್ಲಿ ಅವಳದು ಎತ್ತಿದ ಕೈ. ಶಿವರಾಜಪ್ಪ ಆ ಮಾತನ್ನು ಬಾಯೊಳಗೇ ಒಮ್ಮೆ ಅಂದುಕೊಂಡರು, ಸಾರಿನ ಉಪ್ಪು ನೋಡುವವರ ಹಾಗೆ.

"ಈ ಹುಡುಗಿಗಿ?"

"ಚಿಗರಿ ಅಂತೇನ್ರಿ ನಾ. ಸಣ್ಣಾಕಿ ಇದ್ದಾಗ ಕಾಲು ನೆಲಕ್ಕ ಊರತಿದ್ದಿಲ್ಲ, ಚಿಗರಿ ಜಿಗದಂಗ ಜಿಗೀತಿದ್ಳು."

"ಮತ್ತ ನಿಮಗ?"

"ನಂಗೆಲ್ಲಿ ಮುದ್ದಿನ ಹೆಸರ್ರಿ! ಏ ಅಂದ್ರ ಓ ಅಂತಿದ್ದೆ" ಎಂದು ಅಂಜನಾಬಾಯಿ ನಕ್ಕಳು. ಶಿವರಾಜಪ್ಪನವರೂ ನಕ್ಕರು. ಆದರೆ ಜೇಬಿನಲ್ಲಿ ಕೈಯಿಟ್ಟಾಗ ಬೇಕಾದದ್ದು ಸಿಗದಿದ್ದರೆ ಮುಖ ಹೇಗಾಗುತ್ತದೋ ಹಾಗೆ ಒಂದು ಕ್ಷಣ ಅವರ ಮುಖವಾಗಿತ್ತು.

ಅವರು ಹೋದ ಮೇಲೆ ಶಾಲು ಪುಸ್ತಕ ಮುಚ್ಚಿ ಅಜ್ಜಿಯನ್ನು ಕೇಳಿದಳು. "ಆಯಿ, ಎಲ್ಲಾ ಯಾಕ ಹೇಳಿದಿ?"

"ಹೇಳಿದ್ರ ಏನು ಗಂಟು ಹೋಗ್ತದ? ದೊಡ್ಡ ಮನಷ್ಯಾ, ನಮ್ಮ ಮನಿಯಾಗ ಉಂಡಾನ."

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬುದು ಅಂಜನಾಬಾಯಿಯೇ ದಿನಕ್ಕೆ ನಾಲ್ಕು ಸಲ ಆಡುವ ಗಾದೆ. ಅವತ್ತು ಅದೂ ನೆನಪಾಗಲಿಲ್ಲ.

ಮರುದಿನ ಸಂಜೆ ಕೇಶರಬಾಯಿ ಮಿಲ್ಲಿನಿಂದ ಬಂದವಳು ಕಾಲು ತೊಳೆಯದೆ ಹೊಸ್ತಿಲಲ್ಲೇ ಕೂತಳು.

"ಇವತ್ತ ಅವರು ನಂಗ ಬಂಗಾರಿ ಅಂತ ಕರದ್ರು ಅತ್ತಿ. ನಮ್ಮಪ್ಪ ಕರದಂಗೇ. ಅದೇ ದನಿ. ನಾ ಕೈಯಾಗಿನ ಮೊರ ಅಲ್ಲೇ ಬಿಟ್ಟು ಎದ್ದೇಬಿಟ್ಟೆ ನೋಡ್ರಿ."

"ಚಲೋ ಆತಲ್ಲ" ಎಂದಳು ಅತ್ತೆ.

ಆ ವಾರದಿಂದ ಕೇಶರಬಾಯಿ ಎಂಟಕ್ಕೆ ಹೋಗುವವಳು ಏಳಕ್ಕೆ ಹೋಗತೊಡಗಿದಳು. ಐದಕ್ಕೆ ಬರುವವಳು ಏಳಾದರೂ ಬರಲಿಲ್ಲ. ನೀರಿನ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವುದು ಮುದುಕಿಯ ಪಾಲಿಗೆ ಬಂತು, ರೊಟ್ಟಿ ಬಡಿಯುವುದು ಶಾಲುವಿನ ಪಾಲಿಗೆ. ಪರೀಕ್ಷೆಗೆ ಓದುತ್ತಿದ್ದ ಹುಡುಗಿ ಹಿಟ್ಟಿನ ಕೈಯಲ್ಲೇ ಹಾಳೆ ತಿರುವುತ್ತಿದ್ದಳು. ಮುಂದಿನ ಭಾನುವಾರವೂ ಕೇಶರಬಾಯಿ ಸೀರೆಯುಟ್ಟು ಹೊರಟಾಗ ಪಂಢರಿಯ ತಾಳ್ಮೆ ತಪ್ಪಿತು.

"ಇವತ್ತ ಸುಟ್ಟಿ ಇಲ್ಲೇನು?"

"ಮನಿಗಿ ಯಾರರ ಸುಟ್ಟಿ ಹಾಕ್ತಾರೇನ್ರಿ?" ಎಂದಳು ಕೇಶರಬಾಯಿ.

"ಯಾವ ಮನಿ? ಮನಿ ಇದು!"

"ಅದೂ ಮನಿನೇ. ನಾವೆಲ್ಲ ಅಲ್ಲಿ ಒಂದೇ ಮನಿ ಮಕ್ಕಳು."

"ಹೆಚ್ಚಿಗಿ ದುಡದಿದ್ದಕ್ಕ ಹೆಚ್ಚಿಗಿ ಪಗಾರ ಕೊಡ್ತಾರೇನು?"

"ತವರಿನಾಗ ಕೆಲಸಾ ಮಾಡಿ ಯಾರರ ರೊಕ್ಕಾ ಕೇಳ್ತಾರೇನ್ರಿ?"

ಪಂಢರಿ ತಾಟು ನೂಕಿ ಎದ್ದ. ಮಾತು ಅವನಿಗೆ ಚುಚ್ಚಿದ್ದಕ್ಕಿಂತ ಹೆಚ್ಚಾಗಿ ದನಿ ಅವನನ್ನು ಹೆದರಿಸಿತ್ತು. ಒಂದು ಮಾತಿಗೆ ಹತ್ತು ಮಾತು ಎಸೆಯುವ ಹೆಂಡತಿ ಈಗ ಮೆಲ್ಲಗೆ, ನಗುಮುಖದಿಂದ, ಒಂದೊಂದೇ ಮಾತನ್ನು ಎತ್ತಿ ಇಡುತ್ತಿದ್ದಳು. ಅವಳು ಹೋದ ಮೇಲೆ ಅವನು ತಾಯಿಯ ಕಡೆ ತಿರುಗಿದ.

"ಅವ್ವ, ಆಕಿ ಬಾಯಾಗ ಯಾರೋ ಕುಂತು ಮಾತಾಡ್ಲತ್ತಾರ."

"ಹುಚ್ಚಪ್ಪ, ದಣದಾಳ ಅಷ್ಟೇ" ಎಂದಳು ಅಂಜನಾಬಾಯಿ. ಆದರೆ ಸೊಸೆ ಹೋದ ದಾರಿಯನ್ನೇ ನೋಡುತ್ತ ನಿಂತಳು.

ಕೇಶರಬಾಯಿಗೆ ಈ ಕೆಲಸ ಕೊಡಿಸಿದವಳು ಪಕ್ಕದ ಸಾಲಿನ ಶಾಕಿರಾ ಬೇಗಂ. ಇಬ್ಬರೂ ಒಂದೇ ಡಬ್ಬಿಯಲ್ಲಿ ಬುತ್ತಿ ಒಯ್ಯುತ್ತಿದ್ದ ಗೆಳತಿಯರು. ಮಾರ್ಚಿನ ಕೊನೆಗೆ ಶಾಕಿರಾ ಮಿಲ್ಲು ಬಿಟ್ಟು ಬಟ್ಟೆ ಹೊಲಿಯಲು ಕೂತಿದ್ದಳು. ಒಂದು ಬೆಳಿಗ್ಗೆ ಟ್ಯಾಂಕರಿನ ಸಾಲಿನಲ್ಲಿ ಅವಳು ಅಂಜನಾಬಾಯಿಯ ಕೈ ಹಿಡಿದಳು.

"ಖಾಲಾ, ಕೇಶರ ನನ್ನ ಮುಂದಿಂದೇ ಹೋಗ್ತಾಳ, ನೋಡಂಗಿಲ್ಲ. ನಾ ಏನು ಗುನ್ಹಾ ಮಾಡೀನಿ?"

ಅಂಜನಾಬಾಯಿ ಸಂಜೆ ಸೊಸೆಯನ್ನು ತರಾಟೆಗೆ ತೆಗೆದುಕೊಂಡಳು. "ಶಾಕಿರಾಗ ಯಾಕ ಮಾತಾಡ್ಸಂಗಿಲ್ಲ? ಅನ್ನದ ದಾರಿ ತೋರಿಸಿದಾಕಿ ಆಕಿ."

ಕೇಶರಬಾಯಿ ತಲೆಯೆತ್ತಿದಳು. ಮುಖದಲ್ಲಿ ಸಿಟ್ಟಿಲ್ಲ, ಕಳ್ಳತನವಿಲ್ಲ. "ಯಾವ ಶಾಕಿರಾ ಅತ್ತಿ?"

"ಏ, ನಾಟಕ ಬ್ಯಾಡ."

"ಖರೇನೇ ಕೇಳ್ಲತ್ತೀನಿ. ಯಾರು?"

ಸೊಸೆಯ ಸುಳ್ಳು ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? ಇದು ಸುಳ್ಳಾಗಿರಲಿಲ್ಲ. ಅಂಜನಾಬಾಯಿ ಒಲೆಯ ಕಡೆ ತಿರುಗಿ, ಉರಿಯದ ಕಟ್ಟಿಗೆಯನ್ನು ಸುಮ್ಮನೆ ಊದುತ್ತ ಕೂತಳು.

ಮರುದಿನ ಅವಳೇ ಶಾಕಿರಾಳ ಮನೆಗೆ ಹೋದಳು. ಶಾಕಿರಾ ಹೊಲಿಗೆ ಯಂತ್ರ ನಿಲ್ಲಿಸಿ, ಬಾಗಿಲು ಮುಂದೆ ಮಾಡಿ ಹೇಳಿದಳು.

"ಬಿಟ್ಟು ಹೋದವರ ಹೆಸರು ಮನಿಯಾಗ ತಗೀಬಾರದು ಅಂತಾರ ಆ ಮ್ಯಾನೇಜರು. ಉಳದವರಿಗಿ ಅಪಶಕುನ ಅಂತ. ಬೈಯಂಗಿಲ್ಲ, ಹೊಡಿಯಂಗಿಲ್ಲ ಖಾಲಾ, ಮೆಲ್ಲಗ ಹೇಳ್ತಾರ. ನಂಗ ಮುನ್ನಿ ಅಂತಿದ್ರು. ನಮ್ಮಮ್ಮಿ ಅಂತಿದ್ಹಂಗ. ಹನ್ನೊಂದು ದಿನ ಜ್ವರದಾಗ ಹೋಗೀನಿ ನಾ. ಧೂಳಿಗಿ ಎದಿ ಕಟ್ಟಿತ್ತು. ಆದ್ರೂ ಮುನ್ನಿ ಅಂದ್ರ ಕಾಲು ತಾವೇ ನಡೀತಿದ್ದವು."

"ಮತ್ತ ಹ್ಯಾಂಗ ಬಿಟ್ಟಿ?"

"ಕಿವಿಯಾಗ ಹತ್ತಿ ತುರಕೊಂಡು ಹೋಗಿ ಪಗಾರ ಇಸಗೊಂಡು ಬಂದೆ" ಎಂದ ಶಾಕಿರಾ ನಗಲು ನೋಡಿದಳು. ನಗು ಬರಲಿಲ್ಲ. "ಕೇಶರನ ತವರಿನ ಹೆಸರು ಅವರಿಗಿ ಯಾರು ಹೇಳಿದ್ರು ಖಾಲಾ?"

ಅಂಜನಾಬಾಯಿ ಎದ್ದು ಬಂದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿದ್ದವು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಶಾಲುವಿಗೆ ನೂರಕ್ಕೆ ಎಂಬತ್ತೊಂದು. ಭಾಲ್ಕಿಯ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೀಟು, ಜೊತೆಗೆ ಸರ್ಕಾರಿ ಹಾಸ್ಟೆಲಿನಲ್ಲಿ ಊಟ ವಸತಿ. ಜೂನ್ ಹತ್ತರೊಳಗೆ ಹೋಗಿ ಸೇರಬೇಕು. ನರ್ಸ್ ಆಗುತ್ತೇನೆ ಎಂದು ಹುಡುಗಿ ಮೊದಲಿನಿಂದ ಹೇಳುತ್ತಿದ್ದಳು. ಅಂಜನಾಬಾಯಿ ನೀರಿನ ಸಾಲಿನಲ್ಲಿ ನಿಂತವರಿಗೆಲ್ಲ ಎಂಬತ್ತೊಂದು ಎಂಬತ್ತೊಂದು ಎಂದು ಸಾರಿದಳು.

ಸೀಟಿನ ಕಾಗದ ಬಂದ ಸಂಜೆಯೇ ಕೇಶರಬಾಯಿ ಪೇಢೆಯ ಡಬ್ಬಿ ತಂದಳು. "ಅವರು ಕಳಸ್ಯಾರ. ಚಿಗರಿಗಿ ಕೊಡು ಅಂದ್ರು. ಪಾಕೀಟು ಕಟ್ಟೋ ಕೋಣ್ಯಾಗ ಓದು ಬರೋ ಹುಡುಗಿ ಬೇಕಂತ. ಸೋಮವಾರದಿಂದ ಮನಿಗಿ ಬರಲಿ ಅಂದ್ರು."

"ಯಾರ ಮನಿಗಿ?" ಎಂದಳು ಶಾಲು.

"ನಮ್ಮನಿಗಿ."

"ನಾ ಭಾಲ್ಕಿಗಿ ಹೋಗ್ತೇನಿ ಅವ್ವಾ."

"ಓದು ಎಲ್ಲಿ ಓಡಿ ಹೋಗ್ತದ? ಒಂದೆರಡು ವರ್ಷ ಆಮ್ಯಾಲ ಹೋಗು."

"ಹದಿನಾರು ವರ್ಷದ ಕೂಸಿಗಿ ಧೂಳು ಕುಡಸ್ಲಕ್ಕ ಒಯ್ತೀಯೇನ?" ಅಂಜನಾಬಾಯಿ ಕೂಗಿದಳು. "ಹಡದಾಕಿ ನೀ!"

"ಮನಿಗೆಲಸಕ್ಕ ವಯಸ್ಸು ಯಾರು ಕೇಳ್ತಾರ ಅತ್ತಿ?" ಕೇಶರಬಾಯಿ ನಕ್ಕಳು. ಅಂಜನಾಬಾಯಿಗೆ ಆ ನಗುವನ್ನು ಹೊಡೆದು ಬೀಳಿಸಬೇಕೆನ್ನಿಸಿತು.

ಪಂಢರಿ ಕೈಯಲ್ಲಿದ್ದ ರೊಟ್ಟಿಯ ತುಂಡನ್ನೇ ನೋಡುತ್ತಿದ್ದ. "ಗಂಜಿನಾಗ ಕೆಲಸಾನೇ ಇಲ್ಲ ಅವ್ವ. ಒಂದು ವರ್ಷ ಅಂದ್ರ ಒಂದು ವರ್ಷ…"

"ನೀನೂ ಶುರು ಮಾಡಿದೇನ?"

ಶಾಲು ಡಬ್ಬಿಯ ಮುಚ್ಚಳ ಹಾಕಿದಳು. ಅಜ್ಜಿಯ ಮೊಮ್ಮಗಳೇ ಅವಳು. "ಯಾರೂ ಜಗಳಾಡಬ್ಯಾಡ್ರಿ. ಸೋಮವಾರ ನಾನೇ ಹೋಗಿ, ಈ ಡಬ್ಬಿ ಅವರ ಕೈಯಾಗಿಟ್ಟು, ಆಗಂಗಿಲ್ರಿ ಅಂತ ಹೇಳಿ ಬರ್ತೇನಿ. ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷದ ಕೆಲಸಕ್ಕೆ ಬೆಳಿಗ್ಗೆ ಏಳಕ್ಕೆ ಹೋದವಳು ಸಂಜೆ ಏಳಕ್ಕೆ ಬಂದಳು. ಹುಬ್ಬಿನಲ್ಲಿ ಬೇಳೆಯ ಹಳದಿ ಧೂಳು, ಬೆರಳ ತುದಿಗಳೂ ಹಳದಿ.

"ಏನು ಮಾಡಿದಿ ಇಷ್ಟೊತ್ತು?"

"ಪಾಕೀಟು ಕಟ್ಟಿದೆ." ಶಾಲು ತನ್ನ ಕೈಗಳನ್ನೇ ನೋಡಿಕೊಂಡಳು. "ಯಾಕ ಕಟ್ಟಿದೆ ಗೊತ್ತಿಲ್ಲ ಆಯಿ. ಡಬ್ಬಿ ಕೊಟ್ಟೆ. ಹೊಳ್ಳಿ ಬರಬೇಕಂತ ಬಾಗಿಲ ತನ ಬಂದಿದ್ದೆ. ಹಿಂದಿಂದ ಚಿಗರಿ ಅಂದ್ರು. ನಾ ನೀನೇ ಬಂದೀದಿ ಅನಕೊಂಡೆ. ನಿನ್ನ ದನಿನೇ ಇತ್ತು ಆಯಿ."

"ನಾಳಿ ಹೋಗಬ್ಯಾಡ."

"ಹೋಗಂಗಿಲ್ಲ."

ಮರುದಿನ ಅಂಜನಾಬಾಯಿ ನೀರು ತಂದು ನೋಡಿದರೆ ಖೋಲಿ ಖಾಲಿ. ಮೂಲೆಯಲ್ಲಿ ಕಾಲೇಜಿನ ಕಾಗದಗಳ ಮೇಲೆ ತಿನ್ನದೆ ಬಿಟ್ಟ ರೊಟ್ಟಿ. ಹೀಗೆ ಆರು ದಿನ ನಡೆಯಿತು. ಆರನೆಯ ದಿನ ಭಾಲ್ಕಿಯ ಮಾತೆತ್ತಿದಾಗ ಶಾಲು ಮೆಲ್ಲಗೆ ನಕ್ಕು, "ಓದು ಎಲ್ಲಿ ಓಡಿ ಹೋಗ್ತದ ಆಯಿ?" ಎಂದಳು. ಅಂದು ಜೂನ್ ಐದು.

ಅಂಜನಾಬಾಯಿ ತಲೆಗೆ ಸೆರಗು ಹೊದ್ದು ಮಿಲ್ಲಿಗೆ ನಡೆದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಳು. ಊರಿನ ಪಾಟೀಲನಿಗೆ ಬೈಯಬೇಕೆಂದು ಇಟ್ಟುಕೊಂಡು ಬೈಯಲಾಗದೆ ಹೋದವೂ ಅದರಲ್ಲಿದ್ದವು.

ಮಿಲ್ಲಿನ ಗೇಟು ಹಾಕಿರಲಿಲ್ಲ. ಕಾವಲುಗಾರನೂ ಇರಲಿಲ್ಲ. ಒಳಗೆ ನಲವತ್ತು ಹೆಂಗಸರು ಸಾಲಾಗಿ ಕೂತು ಬೇಳೆ ಆರಿಸುತ್ತಿದ್ದರು. ಹೆಂಗಸರು ಕೂಡಿದ ಕಡೆ ಇರಬೇಕಾದ ಹರಟೆ ಇಲ್ಲ, ನಗುವಿಲ್ಲ, ಒಬ್ಬಳು ಕೆಮ್ಮಿದರೆ ಇನ್ನೊಬ್ಬಳು ತಿರುಗಿ ನೋಡುವುದೂ ಇಲ್ಲ. ಮೊರದಲ್ಲಿ ಬೇಳೆ ಉರುಳುವ ಸದ್ದು ಮಾತ್ರ.

ಶಿವರಾಜಪ್ಪ ಎದ್ದು ಬಂದು ತಮ್ಮ ಕುರ್ಚಿಯನ್ನೇ ಎಳೆದು ಹಾಕಿದರು. "ಬರ್ರಿ ಯವ್ವಾ. ನಿಮ್ಮ ಮನಿಗಿ ನೀವು ಬಂದಂಗ."

"ಕೂಡಂಗಿಲ್ಲ ನಾ. ನಮ್ಮ ಹುಡುಗಿಗಿ ಬಿಡ್ರಿ."

"ನಾವೆಲ್ಲಿ ಹಿಡದೀವ್ರಿ? ಬಾಗಿಲಾ ತೆರದೇ ಅದ. ಕರಕೊಂಡು ಹೋಗ್ರಿ."

ಅಂಜನಾಬಾಯಿ ಪಾಕೀಟಿನ ಕೋಣೆಯ ಕಡೆ ತಿರುಗಿ, ಊರಿನ ಹೊಲದ ಬದುವಿನಲ್ಲಿ ನಿಂತು ಕೂಗುವಂತೆ ಕೂಗಿದಳು. "ಶಾಲೂ! ಏ ಶಾಲೂ!"

ಕೋಣೆಯ ಗಾಜಿನಾಚೆ ಶಾಲು ತಲೆಯೆತ್ತಲಿಲ್ಲ. ಸಾಲಿನಲ್ಲಿದ್ದ ಕೇಶರಬಾಯಿಯೂ ಎತ್ತಲಿಲ್ಲ. ಜೋಡಿಸಿ ತಂದ ಬೈಗುಳಗಳೆಲ್ಲ ಮರೆತುಹೋದವು. ಭಯವಾಯಿತು ಮುದುಕಿಗೆ, ಗಂಡ ಸತ್ತ ದಿನವೂ ಆಗದಂಥ ಭಯ. ಆ ಭಯದಲ್ಲಿ ಅವಳ ಬಾಯಿಂದ, ಹುಡುಗಿ ತೊಟ್ಟಿಲಲ್ಲಿದ್ದಾಗಿನ ಮಾತು ತಾನಾಗಿ ಹೊರಬಂತು.

"ಚಿಗರಿ… ಬಾರ ನನ ಕೂಸಾ. ಮನಿಗಿ ಬಾ."

ಶಾಲು ಎದ್ದು ನಿಂತಳು. ಶಾಲು ಒಬ್ಬಳೇ ಅಲ್ಲ. ಮೊದಲ ಸಾಲಿನಲ್ಲಿ ಒಬ್ಬಳು ಎದ್ದಳು, ಅವಳ ಹಿಂದೆ ಇಬ್ಬರು, ಆಮೇಲೆ ಇಡೀ ಸಾಲು. ನರೆ ಬಂದ ಹೆಂಗಸರೂ ಇದ್ದರು ಅದರಲ್ಲಿ. ಮಡಿಲಿನಿಂದ ಬೇಳೆ ಸುರಿಯುತ್ತಿದ್ದರೂ ನೋಡದೆ, ಕಣ್ಣಲ್ಲಿ ನೀರು ತುಂಬಿಕೊಂಡು, ಅಂಜನಾಬಾಯಿಯ ಕಡೆ ಒಂದೊಂದು ಹೆಜ್ಜೆ ಇಟ್ಟರು.

ಶಿವರಾಜಪ್ಪನವರ ನಗು ಅಳಿಸಿ ಹೋಯಿತು. ಕೈ ಎತ್ತಿ ಹೆಂಗಸರಿಗೆ ಕೂರುವಂತೆ ಸನ್ನೆ ಮಾಡಿದರು. ಬಹಳ ಹೊತ್ತು ಮುದುಕಿಯ ಬಾಯನ್ನೇ ನೋಡಿದರು.

"ಮೂರು ವರ್ಷ ಆತು ಯವ್ವಾ ನಾ ಇದನ್ನ ಕಲೀಲತ್ತು. ಒಬ್ಬೊಬ್ಬರಿಗಿ ಒಂದೊಂದು ಹೆಸರು ಹುಡುಕಬೇಕು. ನೀವು ಒಂದೇ ಮಾತಿನಾಗ…" ಅವರ ದನಿ ಇಳಿಯಿತು. "ಹೈದರಾಬಾದಿಗಿ ಹೋಗ್ತೀವಂತ ಇಲ್ಲಿ ಹತ್ತು ಮಂದಿ ಗಂಟು ಕಟ್ಯಾರ, ಅವರ ಹೆಸರು ನಂಗ ಸಿಕ್ಕಿಲ್ಲ. ಹುಡುಗಿಗಿ ಕರಕೊಂಡು ಹೋಗ್ರಿ, ಓದಸ್ರಿ. ನಾ ಇನ್ನ ಆಕಿ ಹೆಸರು ತಗಿಯಂಗಿಲ್ಲ. ಆಕಿ ಬದಲಿ ನೀವು ಬರ್ರಿ."

"ನಾ ಏನು ಆರಸ್ಲಿ? ನಂಗ ಕಣ್ಣು ಕಾಣಂಗಿಲ್ಲ."

"ಆರಸೋದು ಬ್ಯಾಡ್ರಿ. ಗೇಟಿನಾಗ ಕೂಡ್ರಿ. ಮುಂಜಾನಿ ಕರೀರಿ, ಸಂಜಿಗಿ ಕಳಸ್ರಿ. ಹಿರೇರಿಲ್ಲದ ಮನಿ ಮನಿಯಲ್ಲ."

ಸಂತೆಯಲ್ಲಿ ನಾಲ್ಕಾಣೆಗೆ ಅರ್ಧ ತಾಸು ಚೌಕಾಸಿ ಮಾಡುವವಳು ಅಂದು ಒಂದು ಮಾತೂ ಚೌಕಾಸಿ ಮಾಡಲಿಲ್ಲ. ಒಪ್ಪಿ ಹೊರಡುವ ಮುಂಚೆ ಒಂದನ್ನು ಕೇಳಿದಳು.

"ನಿಮಗ ನಿಮ್ಮ ಮನಿಯಾಗ ಏನಂತಿದ್ರು ಸಾಹೇಬ್ರ?"

ಶಿವರಾಜಪ್ಪ ಯೋಚಿಸಿದರು. ನಿಜವಾಗಿ ಯೋಚಿಸಿದರು. "ನೆನಪಿಲ್ಲ ಯವ್ವಾ" ಎಂದರು.

ಶಾಲು ಎರಡು ದಿನ ಮಲಗಿದಳು. ಮೂರನೆಯ ದಿನ ಎದ್ದು, ಬೆರಳು ಉಜ್ಜಿ ತೊಳೆದು, ಕಾಲೇಜಿನ ಕಾಗದಗಳನ್ನು ಜೋಡಿಸಿದಳು. ಮ್ಯಾನೇಜರು ಮಾತಿಗೆ ತಪ್ಪಲಿಲ್ಲ. ಅಂಜನಾಬಾಯಿಯೂ ತಪ್ಪಲಿಲ್ಲ. ಬೆಳಿಗ್ಗೆ ಏಳಕ್ಕೆ ಮಿಲ್ಲಿನ ಗೇಟಿನಲ್ಲಿ ಹಾಕಿದ ಹೊರಸಿನ ಮೇಲೆ ಕೂತು ಒಬ್ಬೊಬ್ಬರನ್ನೂ ಕರೆದಳು. ಗಂಟು ಕಟ್ಟಿದ್ದ ಹತ್ತು ಜನರಲ್ಲಿ ಒಬ್ಬಳೂ ಹೈದರಾಬಾದಿಗೆ ಹೋಗಲಿಲ್ಲ. ಜ್ವರದವಳು ಬಂದಳು, ಮೊಲೆಗೂಸನ್ನು ಮನೆಯಲ್ಲಿ ಬಿಟ್ಟವಳು ಬಂದಳು. ಕೇಶರಬಾಯಿಯನ್ನು ಕರೆದಾಗ ಅವಳು ಬಂದು ಅತ್ತೆಯ ಮೊಣಕಾಲ ಮೇಲೆ ತಲೆಯಿಟ್ಟಳು. ಇಪ್ಪತ್ತು ವರ್ಷ ಎದುರುತ್ತರ ಕೊಟ್ಟ ಸೊಸೆ! ಅಂಜನಾಬಾಯಿ ಆ ತಲೆಯನ್ನು ಸವರಿದಳು, ಸವರಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ತನ್ನ ಮೇಲೆಯೇ ಅಸಹ್ಯ ಅದು.

ಮನೆಯಲ್ಲಿ ಈಗ ಜಗಳವಿಲ್ಲ. ಯಾರಿಗಾದರೂ ಬೈಯಲು ಬಾಯಿ ತೆರೆದರೆ ಗೇಟಿನ ದನಿಯೇ ಹೊರಡುತ್ತಿತ್ತು. "ಉಣ್ಣ ಬಾರಪ್ಪ ನನ ಕೂಸಾ" ಎಂದು ಎರಡನೆಯ ದಿನವೇ ಮಗನನ್ನು ಕರೆದಾಗ ಪಂಢರಿ ಗೋಡೆಗೆ ಆತು ನಿಂತ.

"ನಂಗ ಹಂಗ ಕರೀಬ್ಯಾಡ ಅವ್ವ. ನಿನ್ನ ಕಾಲು ಹಿಡೀತೇನಿ. ಏ ಪಂಡ್ಯಾ ಅನ್ನು. ಕತ್ತೆ ಅನ್ನು."

ಅವಳು ಪ್ರಯತ್ನಿಸಿದಳು. ಅದೂ ಜೋಗುಳದಂತೆಯೇ ಬಂತು. ಅಂದಿನಿಂದ ಪಂಢರಿ ತಾನೇ ಬಡಿಸಿಕೊಂಡು ಉಣ್ಣತೊಡಗಿದ.

ಜೂನ್ ಒಂಬತ್ತಕ್ಕೆ ಶಾಲುವನ್ನು ಕಳಿಸಲು ನೌಬಾದದ ಬಸ್ ಸ್ಟಾಪಿಗೆ ಬಂದರು. ಪಂಢರಿ ತಗಡಿನ ಪೆಟ್ಟಿಗೆ ಹೊತ್ತಿದ್ದ, ಹಾಸ್ಟೆಲಿನ ತನಕ ಹೋಗಿ ಬಿಟ್ಟು ಬರುವವನಿದ್ದ. ಕೇಶರಬಾಯಿ ಬರಲಿಲ್ಲ. "ಮನಿ ಬಿಟ್ಟು ಹ್ಯಾಂಗ ಬರ್ಲಿ?" ಎಂದು ಮಿಲ್ಲಿಗೆ ಹೋಗಿದ್ದಳು. ಬಿಸಿಲು ಆಗಲೇ ಏರಿತ್ತು. ಔರಾದ ಕಡೆಯಿಂದ ಬಂದ ಬಸ್ಸೊಂದು ಗಂಟುಮೂಟೆಯ ಜನರನ್ನು ಇಳಿಸುತ್ತಿತ್ತು. ಅದರ ಹಿಂದೆಯೇ ಭಾಲ್ಕಿಯ ಬಸ್ಸು ಬಂದು ನಿಂತಿತು.

ಪಂಢರಿ ಪೆಟ್ಟಿಗೆ ಹತ್ತಿಸಿದ. ಶಾಲು ಅಜ್ಜಿಯ ಎರಡೂ ಕೈ ಹಿಡಿದಳು. ಅಂಜನಾಬಾಯಿ ಏನೋ ಹೇಳಲು ಬಾಯಿ ತೆರೆದಳು. ಹುಡುಗಿ ಸರಕ್ಕನೆ ಆ ಬಾಯಿಯ ಮೇಲೆ ಅಂಗೈ ಇಟ್ಟಳು.

"ಏನೂ ಅನಬ್ಯಾಡ ಆಯಿ. ಹೋಗಿ ಬಾ ಅಂತನೂ ಅನಬ್ಯಾಡ. ನೀ ಒಂದು ಮಾತು ಅಂದ್ರೂ ನಾ ಇಳದು ಬರ್ತೇನಿ. ನಂಗ ಗೊತ್ತದ, ಬಂದುಬಿಡ್ತೇನಿ."

ಅಂಜನಾಬಾಯಿ ತಲೆಯಾಡಿಸಿದಳು. ಹುಡುಗಿ ಹತ್ತಿದಳು. ಕಿಟಕಿಯ ಪಕ್ಕ ಕೂತು, ಎರಡೂ ಕಿವಿಗೆ ಬೆರಳಿಟ್ಟು, ನೇರ ಮುಂದೆ ನೋಡಿದಳು. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಲು ಕೈ ಬಿಡಲಿಲ್ಲ. ಕೆಳಗೆ ಅಂಜನಾಬಾಯಿ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿ ಹಲ್ಲಿನಿಂದ ಕಚ್ಚಿದಳು. ಕರೆಯಬೇಕೆನ್ನುವ ಆಸೆ ಹಸಿವಿನಂತೆ ಹೊಟ್ಟೆಯಿಂದ ಎದ್ದು ಬರುತ್ತಿತ್ತು. ಕರೆದರೆ ಬರುತ್ತಾಳೆ, ಮಡಿಲಲ್ಲಿ ಬಂದು ಬೀಳುತ್ತಾಳೆ. ಬಸ್ಸು ಅಲುಗಿತು, ಹೊರಟಿತು, ಪೆಟ್ರೋಲ್ ಪಂಪಿನ ಹತ್ತಿರ ತಿರುಗಿತು. ಅದರ ಧೂಳೂ ಕೂತ ಮೇಲೆ ಅವಳು ಸೆರಗು ಹೊರಗೆ ತೆಗೆದಳು.

ಇನ್ನು ತಡೆಯುವುದಾಗಲಿಲ್ಲ. "ಬಾರ ನನ ಕೂಸಾ" ಎಂದಳು ಖಾಲಿ ರಸ್ತೆಗೆ, ತನಗೇ ಕೇಳುವಷ್ಟು ಮೆಲ್ಲಗೆ. "ಮನಿಗಿ ಬಾ."

"ಬಂದೆ ಯವ್ವಾ" ಎಂದಿತು ಬೆನ್ನ ಹಿಂದೆ ಒಂದು ದನಿ.

ಅಂಜನಾಬಾಯಿ ತಿರುಗಿದಳು. ಔರಾದ ಕಡೆಯ ಬಸ್ಸಿನಿಂದ ಇಳಿದಿದ್ದ ಹೆಂಗಸು. ಗುರುತಿನವಳಲ್ಲ, ಹಿಂದೆಂದೂ ಕಂಡವಳಲ್ಲ. ಅವಳು ಸೊಂಟದ ಮಗುವನ್ನು ಮೇಲೆ ಸರಿಸಿ, ಗಂಟನ್ನು ತಲೆಗೇರಿಸಿಕೊಂಡು, ಬಂದು ಅಂಜನಾಬಾಯಿಯ ಪಕ್ಕದಲ್ಲಿ ನಿಂತಳು. ಎಲ್ಲಿಗೆ ಎಂದು ಕೇಳಲಿಲ್ಲ.